ಪಂಜರದೊಳಗಿನ ಬಟ್ಟೆ

ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆಗೆ ಬಂದ ಹೆಂಗಸು ಕೈಚೀಲದಿಂದ ಸತ್ತ ಗೌಜಲಹಕ್ಕಿಯೊಂದನ್ನು ತೆಗೆದು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟಳು. ಮೊಟ್ಟೆ, ಮಾಂಸಕ್ಕೆಂದು ಅವಳು ಮನೆಯಲ್ಲೇ ಇವುಗಳನ್ನು ಸಾಕುತ್ತಿದ್ದಳು. ಆ ಬೆಳಿಗ್ಗೆ ಅಂಗಡಿಗಳಿಗೆ ಮೊಟ್ಟೆ ಕೊಟ್ಟು ಬರುವಷ್ಟರಲ್ಲಿ ಬಹುಪಾಲು ಸತ್ತಿದ್ದವು, ಉಳಿದವು ಕತ್ತು ವಾಲಿಸಿಕೊಂಡು ಬಿದ್ದಿದ್ದವು.

"ಯಾರ ಮೇಲಾದ್ರೂ ಅನುಮಾನ?"

"ಮಹಡಿ ಮನೆ ಟೈಲರ್. ವಾಸನೆ ಅಂತ ದಿನಾ ಜಗಳ. ವಿಷ ಹಾಕ್ತೀನಿ ಅಂದಿದ್ದ."

"ಮನೇಲಿ ಯಾರ್ಯಾರಿದೀರಿ?"

"ನಾನು, ನಮ್ಮತ್ತೆ. ಯಜಮಾನ್ರು ತೀರಿಹೋದ್ರು." ಸತ್ತ ಹಕ್ಕಿಯ ಪುಕ್ಕ ಸವರುತ್ತ ಹೇಳಿದಳು: "ಬರೋ ತಿಂಗಳು ನಾನೊಬ್ಬಳೇ ಬೇರೆ ಮನೆ ಮಾಡೋಳಿದ್ದೆ ಸಾರ್. ಈ ಹಕ್ಕಿಗಳನ್ನೇ ನಂಬ್ಕೊಂಡಿದ್ದೆ."

ಎಫ್‌ಐಆರ್ ದಾಖಲಾಯಿತು. ಮಹಡಿಯಲ್ಲಿ ಗುಡುಗುತ್ತಿದ್ದ ಟೈಲರ್ ಠಾಣೆಯಲ್ಲಿ ಬೆಕ್ಕಿನಂತೆ ಮುದುಡಿ ಕೂತ. "ಬಾಯಿಮಾತಿಗೆ ಅಂದಿದ್ದು ಸಾರ್. ಬೆಳಿಗ್ಗೆಯಿಂದ ಅಂಗಡೀಲೇ ಇದ್ದೆ." ಪಕ್ಕದಂಗಡಿಯವರೂ ಹೌದೆಂದರು. ಮಧ್ಯಾಹ್ನ ಪಶುವೈದ್ಯರ ವರದಿ ಬಂತು. ವಿಷವಿಲ್ಲ, ತಲೆಬುರುಡೆ ಒಡೆದು, ಕತ್ತು ಮುರಿದು ಸಾವು.

"ಬೀಗ ಹಾಕಿದ ಪಂಜರದೊಳಗೆ ಹೊಡೆದಾಟ ಯಾರು ಮಾಡಿದ್ರೋ!" ಎಂದು ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡರು.

ಹಿತ್ತಿಲಲ್ಲಿ ಪಂಚನಾಮೆ ನಡೆಯಿತು. ಇನ್ಸ್‌ಪೆಕ್ಟರ್ ಪಂಜರದೊಳಗೆ ಕೈಹಾಕಿ ಮೇಲ್ಭಾಗ ಸವರಿದರು. ಬರೀ ತಂತಿ, ಅದಕ್ಕೆ ರಕ್ತ, ಪುಕ್ಕ ಅಂಟಿದ್ದವು.

"ಇಲ್ಲಿ ಏನೂ ಕಟ್ಟಿರ್ಲಿಲ್ವಾ?"

ಹೆಂಗಸು ಬಗ್ಗಿ ನೋಡಿದಳು. ಅವಳ ಮುಖ ಬಿಳಿಚಿತು. "ಬಟ್ಟೆ ಕಟ್ಟಿದ್ವಿ. ಬೆದರಿದ್ರೆ ಇವು ನೆಟ್ಟಗೆ ಮೇಲಕ್ಕೆ ಚಿಮ್ಮುತ್ವೆ ಸಾರ್. ಬಟ್ಟೆ ಇಲ್ದಿದ್ರೆ ತಂತಿಗೆ ತಲೆ ಬಡಿದು..."

ಇದು ಟೈಲರ್‌ಗೆ ಗೊತ್ತಿರುವ ವಿಷಯವಲ್ಲ. ಇನ್ಸ್‌ಪೆಕ್ಟರ್ ಸುತ್ತ ಕಣ್ಣಾಡಿಸಿದರು. ಒಗೆದ ಬಟ್ಟೆಗಳ ಸಾಲಿನಲ್ಲಿ ದಪ್ಪನೆಯ ಹೊದಿಕೆಯ ತುಂಡೊಂದು ಒಣಗುತ್ತಿತ್ತು. ಅದರ ತುಂಬ ಪಂಜರದ ತಂತಿಯದೇ ಚೌಕಗಳು, ತುಕ್ಕಿನ ಬಣ್ಣದಲ್ಲಿ.

"ಇದನ್ನ ಯಾರು ಒಗೆದಿದ್ದು?"

"ನಾನೇ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ಇನ್ನೂ ಗಟ್ಟಿ ಇದೆ. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

"ಬಿಚ್ಚಿದ್ದೂ ನೀವೇನಾ?"

"ಹೂಂ. ಇವಳು ಅಂಗಡಿಗೆ ಹೋದ ಮೇಲೆ ಬೀಗ ತೆಗೆದು ಬಿಚ್ಚಿದೆ. ಆಮೇಲೆ ಪಂಜರದ ಮೇಲೆ ಚೊಂಬು ಬಡಿದೆ."

"ಯಾಕಮ್ಮ?"

"ಮಗ ಹೋದ. ಇವಳೂ ಹೋದ್ರೆ ನನಗೆ ಯಾರಿದಾರೆ? ಹಕ್ಕಿ ಇಲ್ದಿದ್ರೆ ಇಲ್ಲೇ ಇರ್ತಾಳೆ ಅಂದ್ಕೊಂಡೆ."

ಸೊಸೆಯನ್ನು ತಮ್ಮದೇ ರೀತಿಯಲ್ಲಿ ಪ್ರೀತಿಸಿದ್ದರು ಆ ಮುದುಕಿ. ಆ ಪ್ರೀತಿಯಲ್ಲಿ ಸೊಸೆಗೆ ಉಸಿರಾಡಲು ಜಾಗವಿರಲಿಲ್ಲ, ಅಷ್ಟೇ. ಇನ್ಸ್‌ಪೆಕ್ಟರ್ ಸೊಸೆಯನ್ನು ಪಕ್ಕಕ್ಕೆ ಕರೆದರು.

"ವಯಸ್ಸಾದವರು. ರಾಜಿ ಆಗೋ ಹಾಗಿದ್ರೆ ಹೇಳಿ."

"ರಾಜಿ ಆದ್ರೆ ಇದೇ ಮನೇಲಿ ಇರಬೇಕಾಗುತ್ತೆ ಸಾರ್. ಬೇಡ."

ಸಂಜೆ ಐದಕ್ಕೆ ಬಂಧನದ ವಿಧಿಗಳು ಮುಗಿದವು. ಮಹಿಳಾ ಕಾನ್‌ಸ್ಟೇಬಲ್ ತೋಳು ಹಿಡಿದು ಜೀಪು ಹತ್ತಿಸುವಾಗ ಮುದುಕಿ ತಿರುಗಿ ನೋಡಿದರು.

"ಕೈಯಲ್ಲಿ ಏನೂ ಇಲ್ದೆ ಎಲ್ಲಿಗೆ ಹೋಗ್ತೀಯೇ?"

"ಗೊತ್ತಿಲ್ಲ ಅತ್ತೆ," ಎಂದಳು ಸೊಸೆ. "ನೀವು ವಾಪಸ್ ಬರೋಷ್ಟರಲ್ಲಿ ಹೋಗಿರ್ತೀನಿ."