ಹತ್ತು ಗಂಟೆಯ ಹಾರಾಟ

ಕನ್ನಡಕದಂಗಡಿಯವನ ತಲೆ ಒಡೆದು ಹೋಳಾಗಿತ್ತು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಪಕ್ಕದಲ್ಲೇ ಬಿದ್ದಿತ್ತು — ಅದಕ್ಕಂಟಿದ ರಕ್ತ ಇನ್ನೂ ಒಣಗಿರಲಿಲ್ಲ. ಹೆಣ ನೋಡಿ ನೋಡಿ ಕಣ್ಣು ಸವೆದ ದಫೇದಾರ ನಾನು. ನಾನೇ ಮುಖ ಆಚೆ ತಿರುಗಿಸಿದೆ. ಒಂದೇಟಿಗೆ ನಿಲ್ಲಿಸಿರಲಿಲ್ಲ, ಪಾಪಿ!

ಹೆಂಡತಿ ಹೆಣ ತಬ್ಬಿ ಕೂತಿದ್ದಳು. ಮೈಯೆಲ್ಲ ರಕ್ತ. ಮಧ್ಯಾಹ್ನ ಮೂರರ ಸುಮಾರಿಗೆ ಗಂಡ ಹೆಂಡತಿ ಕಿತ್ತಾಡಿದ್ದನ್ನು ಎದುರಂಗಡಿಯವರು ಕೇಳಿದ್ದರು. ಅದಾದ ಸ್ವಲ್ಪ ಹೊತ್ತಿಗೇ ಕೊಲೆ. ಇನ್ನೇನು ಬೇಕು? ಬೇಡಿ ಹಾಕಿದೆ. "ನಾನಲ್ಲ, ನಾನಲ್ಲ" — ಅವಳದ್ದು ಅಷ್ಟೇ ಮಾತು.

ಸಂಜೆ ಸೂಟ್‌ಕೇಸ್ ಹಿಡಿದು ವಿದೇಶದಿಂದ ಮೈದುನ ಅಂಗಡಿಗೇ ಬಂದ; ಅವಳಿನ್ನೂ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಅಂಗಡಿ ಮಾರಿ ಪಾಲು ಕೊಡು ಎಂದು ಅಣ್ಣನ ಜೊತೆ ವರ್ಷಗಟ್ಟಲೆ ಗುದ್ದಾಡಿದವನು. ಆದರೇನು? ಕೊಲೆಯಾದಾಗ ಅವನು ಆಕಾಶದಲ್ಲಿದ್ದ! ಫೋನಿನಲ್ಲಿ ಟಿಕೆಟ್ಟೂ ತೋರಿಸಿದ. "ಇಲ್ಲಿ ಒಂದು ಗಳಿಗೆ ಇರಲಾರೆ, ಇವತ್ತೇ ವಾಪಸ್ ಹೋಗ್ತೀನಿ" ಅಂದ. ಅವನು ಹತ್ತಿದ್ದು ನಿಜವೇ ಎಂಬುದಕ್ಕೆ ವಿಮಾನ ಕಂಪನಿಯವರ ಉತ್ತರ ಬರುವುದು ನಾಳೆ. ಅಷ್ಟರಲ್ಲಿ ಹಾರಿಹೋದರೆ ಮತ್ತೆ ಸಿಕ್ಕ ಹಾಗೇ!

ನಮ್ಮ ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ಎಳೆದು ಅವನೆದುರು ಕೂತರು.

"ಎಷ್ಟು ಹೊತ್ತಿನ ಪ್ರಯಾಣ?"

"ಹತ್ತು ಗಂಟೆ. ಏಳು ಸಾವಿರ ಕಿಲೋಮೀಟರ್ ಅಲ್ವಾ ಮೇಡಂ?"

"ಹೊರಟಿದ್ದು?"

"ಅಲ್ಲಿ ಬೆಳಗ್ಗೆ ಹತ್ತೂವರೆ. ಇಳಿದಾಗ ಇಲ್ಲಿ ಐದು. ಪಶ್ಚಿಮಕ್ಕೆ ಬಂದ್ರೆ ಗಡಿಯಾರ ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸ್ಬೇಕು."

"ದಾರೀಲಿ ಏನ್ಮಾಡಿದ್ರಿ?"

"ಕಿಟಕಿ ಪಕ್ಕ ಕೂತಿದ್ದೆ. ಊಟ ಆಯ್ತು, ಹೊರಗೆ ಕಗ್ಗತ್ತಲೆ, ಹೊದ್ದು ಮಲಗಿಬಿಟ್ಟೆ. ಅಣ್ಣನ ಮುಖ ನೋಡೋಣ ಅಂತ ಬಂದೆ..." ಕಣ್ಣೊರೆಸಿಕೊಂಡ.

ನನಗೆ ಅಯ್ಯೋ ಪಾಪ ಅನ್ನಿಸಿತು. ಮೇಡಂಗೆ ಅನ್ನಿಸಲಿಲ್ಲ.

"ದಫೇದಾರ್ರೇ, ಬೇಡಿ ಈ ಮಹಾನುಭಾವನಿಗೆ ಹಾಕಿ."

"ಏನ್ ಮೇಡಂ ಇದು?" — ಅವನು ಎದ್ದು ನಿಂತ.

"ಬೆಳಗ್ಗೆ ಹೊರಟು ಪಶ್ಚಿಮಕ್ಕೆ ಹಾರೋ ವಿಮಾನ ಸೂರ್ಯನ ಬೆನ್ನು ಹತ್ತಿ ಬರುತ್ತೆ. ಹೊರಟಾಗ ಬಿಸಿಲು, ಇಳಿದಾಗಲೂ ಬಿಸಿಲು. ದಾರಿಯುದ್ದಕ್ಕೂ ಹಗಲೇ! ಕಗ್ಗತ್ತಲೆ ಎಲ್ಲಿಂದ ತಂದ್ರಿ? ನೀವು ಬಂದಿದ್ದು ಹಿಂದಿನ ದಿನದ ರಾತ್ರಿ ವಿಮಾನದಲ್ಲಿ. ಇವತ್ತಿನ ಟಿಕೆಟ್ಟು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಆ ವಿಮಾನ ನೀವು ಹತ್ತಲೇ ಇಲ್ಲ. ಗಂಟೆ ಲೆಕ್ಕ ಸರಿಯಾಗೇ ಹಾಕಿದ್ರಿ, ಸೂರ್ಯನ್ನೇ ಮರೆತ್ರಿ."

ಅವನ ಮುಖ ಬಿಳಿಚಿಕೊಂಡಿತು. ಮರುಕ್ಷಣ ಹಾರಿ ಅತ್ತಿಗೆಯ ಕುತ್ತಿಗೆಗೆ ಕೈ ಹಾಕಿದ.

"ಅವನ ಕಿವಿ ಊದಿದ್ದು ನೀನೇ ಕಣೇ! ನಿನ್ನಿಂದಲೇ ಅವನ ತಲೆ ಒಡೆದೆ! ನಿನ್ನನ್ನೂ ಬಿಡಲ್ಲ!"

ಅವಳ ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡವು. ಲಾಠಿ ಬೀಸಿದೆ. ಅವನ ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಇನ್ನೊಂದೇಟಿಗೆ ಗಾಜಿನ ಕಪಾಟಿನ ಮೇಲೆ ಬಿದ್ದು, ಚೂರುಗಳ ಮಧ್ಯೆ ಊಳಿಟ್ಟ. ಸುಳ್ಳೇಕೆ, ಆ ಎರಡನೆಯ ಏಟು ಸಿಟ್ಟಿನದು.

ಬೇಡಿ ಬಿಚ್ಚಿದೆ. "ತಪ್ಪಾಯ್ತಮ್ಮ. ಅಷ್ಟಕ್ಕೂ ಮಧ್ಯಾಹ್ನ ಜಗಳ ಯಾಕೆ?"

ಕೆಮ್ಮು ನಿಂತ ಮೇಲೆ ಹೇಳಿದಳು: "ಇವತ್ತು ತಮ್ಮ ಬರ್ತಾನೆ, ಬಂದ ಕೂಡ್ಲೇ ಅವನ ಪಾಲು ಕೊಟ್ಬಿಡ್ತೀನಿ ಅಂದ್ರು. ನಾನು ಬೇಡ ಅಂದೆ, ಅವರು ಕೇಳಲಿಲ್ಲ."

ಗಾಜಿನ ಮೇಲೆ ನರಳುತ್ತಿದ್ದವನು ಥಟ್ಟನೆ ತಲೆಯೆತ್ತಿ, "ಕೊಡ್ತೀನಿ ಅಂದಿದ್ನಾ?" ಅಂದ.