ಕೆಟ್ಟ ಸುದ್ದಿ ಹೇಳಲು ಕಲಿಸಿದವಳು

"ನೀವಿನ್ನು ಜಾಸ್ತಿ ದಿನ ಬದುಕಲ್ಲ."

ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು. ಅದೂ ನಿಂತುಕೊಂಡೇ, ಗೋಡೆ ಗಡಿಯಾರ ನೋಡುತ್ತಾ.

ಗಾಬರಿಯಾಗಬೇಡಿ, ನನಗೆ ಯಾವ ಕಾಯಿಲೆಯೂ ಇರಲಿಲ್ಲ. ನಾನು ಓದುತ್ತಿದ್ದದ್ದು ಆರೋಗ್ಯದ ಮಾನವಶಾಸ್ತ್ರ, ಡಿಗ್ರಿಯ ಕೊನೇ ವರ್ಷ. ಕಾಯಿಲೆ ಬಂದಾಗ ಮನುಷ್ಯರು ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದೇ ನಮ್ಮ ಓದು. "ಹಾಗಾದ್ರೆ ಇಂಜೆಕ್ಷನ್ ಚುಚ್ಚೋಕೆ ಬರುತ್ತಾ?" ಎಂದು ಅಜ್ಜಿ ಕೇಳಿದ್ದಳು. ಬರಲ್ಲ ಅಜ್ಜಿ ಅಂದರೆ, "ಮತ್ತೆ ಅದೇನು ಸುಡುಗಾಡು ಓದೋ" ಎಂದು ಗೊಣಗಿದ್ದಳು.

ಡಾಕ್ಟರು ಕೆಟ್ಟ ಸುದ್ದಿಯನ್ನು ಹೇಗೆ ಹೇಳುತ್ತಾರೆ ಎಂಬುದು ನನ್ನ ಪ್ರಾಜೆಕ್ಟು. ಅದಕ್ಕಾಗಿ ಪಕ್ಕದ ಮೆಡಿಕಲ್ ಕಾಲೇಜಿಗೆ ಹೋಗಿ ಸುಳ್ಳು ರೋಗಿಯಾಗಿ ಕೂರುತ್ತಿದ್ದೆ. ಅಲ್ಲಿನ ವಿದ್ಯಾರ್ಥಿಗಳು ನನಗಿಲ್ಲದ ಕಾಯಿಲೆಯನ್ನು ನನಗೆ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಮುಗಿದ ಮೇಲೆ ಅವರ ಮೇಡಂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವರ ಹತ್ರ ಮತ್ತೆ ಬರ್ತೀಯಾ?"

ಆವತ್ತು ಅವನ ಸರದಿ ಮುಗಿದ ಮೇಲೆ ನಾನಂದೆ, "ಸತ್ರೂ ಬರಲ್ಲ ಮೇಡಂ. ಸೀಟಿಲ್ಲ, ಇಳೀರಿ ಅನ್ನೋ ಕಂಡಕ್ಟರ್ ಥರ ಹೇಳ್ತಾರೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವನ ಕಿವಿ ಕೆಂಪಗಾಯಿತು. ನಿಜ ಹೇಳಬೇಕೆಂದರೆ ಆ ಕೆಂಪು ಕಿವಿಗೇ ನಾನು ಬಿದ್ದದ್ದು.

ಕಾರಿಡಾರಿನಲ್ಲಿ ಹಿಂದೆಯೇ ಓಡಿಬಂದ. "ರೀ ಪೇಷೆಂಟ್! ಹೇಗೆ ಹೇಳ್ಬೇಕು, ನೀವೇ ಕಲಿಸಿ ನೋಡೋಣ."

"ಮೊದಲು ಕೂತ್ಕೋಬೇಕು ಕಂಡಕ್ಟರೇ."

ಕಲಿಸಿದೆ. ಕ್ಯಾಂಟೀನಿನ ಮೂಲೆ ಮೇಜೇ ನಮ್ಮ ಆಸ್ಪತ್ರೆ. ಕೂತುಕೋ, ಕಣ್ಣಿಗೆ ಕಣ್ಣು ಸರಿಸಮ ಇರಲಿ. ಅವರಿಗೆ ಆಗಲೇ ಎಷ್ಟು ಗೊತ್ತು ಅಂತ ಕೇಳು. ಒಳ್ಳೆ ಸುದ್ದಿಯಲ್ಲ ಅಂತ ಮುಂಚೆಯೇ ಹೇಳು. ಆಮೇಲೆ ಒಂದೇ ವಾಕ್ಯದಲ್ಲಿ ಸುದ್ದಿ ಹೇಳಿ ಬಾಯಿ ಮುಚ್ಚು. ಟಿಶ್ಯೂ ಬಾಕ್ಸನ್ನು ಅವರ ಕೈಗೆ ಸಿಗುವಷ್ಟು ಹತ್ತಿರ ತಳ್ಳು, ಕೈಗೆ ಮಾತ್ರ ತುರುಕಬೇಡ.

"ಬಾಯಿ ಮುಚ್ಚೋದೇ ಕಷ್ಟ," ಅಂದ. "ನೀನು ಎದುರಿಗಿದ್ರೆ ಏನಾದ್ರೂ ಹೇಳ್ತಾನೇ ಇರೋಣ ಅನ್ಸುತ್ತೆ."

"ಸಾಯೋ ಪೇಷೆಂಟ್‌ಗೆ ಲೈನ್ ಹೊಡೀತೀಯಾ? ನಾಚಿಕೆ ಆಗಲ್ವಾ?"

"ನೀನೆಲ್ಲಿ ಸಾಯ್ತೀಯ ಬಿಡು. ನನ್ನನ್ನ ಸಾಯಿಸ್ತೀಯ."

ಹೀಗೆ ಹೇಳಿ ಕಣ್ಣು ಕೆಳಗೆ ಹಾಕುತ್ತಿದ್ದ. ಆಮೇಲೆ ರೆಪ್ಪೆಯ ಸಂದಿಯಿಂದ, ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು ಕದ್ದು ನೋಡುತ್ತಿದ್ದ. ನೋಡುತ್ತಿದ್ದೆ, ಮತ್ತೇನು.

ಒಂದು ಸಂಜೆ ಕೇಳಿದ, "ಇದನ್ನೇ ಓದ್ಬೇಕು ಅಂತ ಯಾಕೆ ಅನ್ನಿಸ್ತು?"

ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ. ಅಪ್ಪ ಉಳಿಯುವುದಿಲ್ಲ ಎಂಬ ಸುದ್ದಿಯನ್ನು ಡಾಕ್ಟರು ನಮಗೆ ಹೇಳಿದ್ದು ಲಿಫ್ಟಿನಲ್ಲಿ. ಬಾಗಿಲು ತೆರೆಯುವಷ್ಟರಲ್ಲಿ ಹೇಳಿ ಮುಗಿಸಿ, ಮೊಬೈಲು ನೋಡುತ್ತಾ ಹೊರಟುಹೋದರು. ಅಮ್ಮ ಅಲ್ಲೇ ನಿಂತುಬಿಟ್ಟಿದ್ದಳು. ಯಾರೋ ಬಂದು, "ಇಳೀತೀರೇನಮ್ಮಾ?" ಎಂದು ಕೇಳಿದರು.

ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ನನ್ನ ಕೈ ಹಿಡಿದುಕೊಂಡು ಕೂತ. ಮದುವೆಯಾದರೆ ಇವನನ್ನೇ ಎಂದು ಅವತ್ತೇ ಮನೆಗೆ ಹೋಗಿ ಅಮ್ಮನಿಗೆ ಹೇಳಿಬಿಟ್ಟೆ.

ಅವನ ಕೊನೆಯ ಪರೀಕ್ಷೆಗೆ ಒಂದು ವಾರವಿತ್ತು. ಅದೇ ಮೂಲೆ ಮೇಜು. ಕುರ್ಚಿ ಎಳೆದು ಕೂತ. ಸ್ವಲ್ಪ ಬಗ್ಗಿ ಕಣ್ಣನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದ.

"ನಮ್ಮ ಮನೇಲಿ ಏನು ನಡೀತಿದೆ ಅಂತ ನಿಂಗೆಷ್ಟು ಗೊತ್ತು?"

"ಏನೋ ಇದು, ಪ್ರಾಕ್ಟೀಸಾ?" ನಕ್ಕೆ.

"ಒಳ್ಳೆ ಸುದ್ದಿಯಲ್ಲ."

ನನ್ನ ನಗು ಅಲ್ಲೇ ನಿಂತಿತು.

"ನನ್ನ ಕ್ಲಾಸ್‌ಮೇಟ್ ಜೊತೆ ನಂಗೆ ಮದುವೆ ನಿಶ್ಚಯ ಆಗಿದೆ, ಅವರಪ್ಪಂದು ಸ್ವಂತ ಆಸ್ಪತ್ರೆ."

ಒಂದೇ ವಾಕ್ಯ. ಆಮೇಲೆ ಬಾಯಿ ಮುಚ್ಚಿದ. ಟಿಶ್ಯೂ ಬಾಕ್ಸನ್ನು ಎರಡು ಬೆರಳಿನಿಂದ ನನ್ನತ್ತ ತಳ್ಳಿದ, ಸರಿಯಾಗಿ ಕೈಗೆ ಸಿಗುವಷ್ಟು ಹತ್ತಿರ.

ಥೂ, ಮನೆಹಾಳ! ನಾನೇ ಹೇಳಿಕೊಟ್ಟ ಪಾಠವನ್ನು ಒಂದಿಷ್ಟೂ ತಪ್ಪದೆ ನನಗೇ ಒಪ್ಪಿಸುತ್ತಿದ್ದ. ಕೆಟ್ಟ ಸುದ್ದಿ ಕೇಳಿದ ಮೇಲೆ ರೋಗಿಗೆ ಬೇರೇನೂ ಕಿವಿಗೆ ಬೀಳುವುದಿಲ್ಲ ಎಂದು ಪ್ರಾಜೆಕ್ಟಿನಲ್ಲಿ ಬರೆದಿದ್ದೆನಲ್ಲ, ಅದು ನಿಜ. ಅವನ ಶರ್ಟಿನ ಗುಂಡಿಯೊಂದು ದಾರದಲ್ಲಿ ಜೋತಾಡುತ್ತಿದ್ದದ್ದು ನೆನಪಿದೆ. ಮತ್ತೆ, ಹೊರಡುವಾಗ ಕತ್ತು ಸ್ವಲ್ಪ ವಾಲಿಸಿ ಅವನು ಹೇಳಿದ ಒಂದು ಮಾತು: "ಇದರಲ್ಲಿ ನಿನ್ನ ತಪ್ಪೇನೂ ಇಲ್ಲ."

ಅದು ನಾನು ಕಲಿಸಿದ್ದಲ್ಲ. ಅದೊಂದಾದರೂ ಅವನ ಸ್ವಂತದ್ದು, ನನಗೆಂದೇ ಹೇಳಿದ್ದು ಎಂದು ಆ ಮಾತನ್ನೇ ತಬ್ಬಿಕೊಂಡು ವಾರವಿಡೀ ಅತ್ತೆ.

ಪರೀಕ್ಷೆಯಲ್ಲೂ ನಾನೇ ರೋಗಿ. ಆಗಲ್ಲ ಅಂದುಬಿಡಬಹುದಿತ್ತು, ಆದರೂ ಹೋದೆ. ರೋಗಿ ಮತ್ತೆ ಬರಲ್ಲ ಅಂದರೆ ಆ ವಿದ್ಯಾರ್ಥಿ ಫೇಲು, ಅದು ಅಲ್ಲಿನ ನಿಯಮ. "ಸತ್ರೂ ಬರಲ್ಲ" ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡೇ ಕುರ್ಚಿಯಲ್ಲಿ ಕೂತೆ.

ಒಳಗೆ ಬಂದವನು ನನ್ನನ್ನು ಕಂಡು ಬಿಳಿಚಿಕೊಂಡ. ಆದರೆ ಕೂತ. ಕೇಳಬೇಕಾದ್ದನ್ನು ಕೇಳಿದ. ನನ್ನ ಕಾಯಿಲೆ ಮರಳಿ ಬಂದಿದೆ, ಇನ್ನು ಔಷಧಿ ಕೆಲಸ ಮಾಡುವುದಿಲ್ಲ ಎಂದು ಹೇಳಿದ. ಹೊಟ್ಟೆ ಉರಿಯುವಷ್ಟು ಚೆನ್ನಾಗಿ ಹೇಳಿದ.

"ನಾನೇನು ತಪ್ಪು ಮಾಡ್ದೆ ಡಾಕ್ಟ್ರೇ?" ಎಂದು ಕೇಳಿದೆ.

ಕತ್ತು ಸ್ವಲ್ಪ ವಾಲಿಸಿದ. "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ."

ಅದೇ ದನಿ, ಅದೇ ಮೃದುತನ. ದಾರಿಹೋಕರಿಗೂ ಕೊಡುವ ಮಾತನ್ನು ನಾನು ವಾರವಿಡೀ ತಬ್ಬಿಕೊಂಡಿದ್ದೆ.

"ಇವರ ಹತ್ರ ಮತ್ತೆ ಬರ್ತೀಯಾ?" ಮೇಡಂ ಕೇಳಿದರು.

ಅವನ ಕಿವಿ ಕೆಂಪಗಾಗಿತ್ತು. ನನ್ನ ಕಣ್ಣಮುಂದೆ ಲಿಫ್ಟಿನಲ್ಲಿ ನಿಂತ ಅಮ್ಮ ಬಂದಳು. ನಾಳೆ ಇನ್ಯಾರದೋ ಅಮ್ಮ ಇವನ ಎದುರಿಗೆ ಬಂದರೆ, ಇವನು ಕೂತು ಹೇಳುತ್ತಾನೆ. ಅಷ್ಟಂತೂ ಖಂಡಿತ.

"ಬರ್ತೀನಿ ಮೇಡಂ."

ಮೇಜಿನ ಮೇಲಿದ್ದ ಟಿಶ್ಯೂ ಬಾಕ್ಸನ್ನೇ ಎತ್ತಿಕೊಂಡು ಮುಖ ಒರೆಸಿಕೊಳ್ಳಲು ಹೊರಗೆ ಬಂದೆ. ಅವನು ಕಾರಿಡಾರಿನಲ್ಲಿ ಕಾಯುತ್ತಿದ್ದ.

"ಪೇಷೆಂಟ್... ಬರ್ತೀನಿ ಅಂದ್ಯಲ್ಲ, ನಿಜವಾಗ್ಲೂ?" ದನಿಯಲ್ಲಿ ಆಸೆ ಬೇರೆ, ನಾಚಿಕೆಗೆಟ್ಟವನಿಗೆ.

"ಡಾಕ್ಟರ್ ಹತ್ರ ಬರ್ತೀನಿ. ನಿನ್ನ ಹತ್ರ ಸತ್ರೂ ಬರಲ್ಲ."

ಅವನ ಕಣ್ಣಲ್ಲಿ ನೀರು ತುಂಬಿತು. ತಾನಾಗಿ ಬಂತೋ, ತರಿಸಿಕೊಂಡನೋ, ಇನ್ನು ನನಗೆ ಗೊತ್ತಾಗುವ ಹಾಗಿಲ್ಲ. ಬಾಕ್ಸನ್ನು ಅವನ ಕೈಗೆ ತುರುಕಿ ಒಳಗೆ ಹೋದೆ. ಇನ್ನೂ ಹಲವರ ಪರೀಕ್ಷೆ ಬಾಕಿಯಿತ್ತು, ನನಗೆ ಮತ್ತೆ ಅದೇ ಕಾಯಿಲೆ.

ಮುಂದಿನವನು ದಪ್ಪ ಕನ್ನಡಕದ ಹುಡುಗ. ಕೂರುವುದನ್ನು ಮರೆತ. ಸುದ್ದಿಯನ್ನು ಅರ್ಧ ಹೇಳಿ ತಡವರಿಸಿದ, ಎಲ್ಲಾ ತಪ್ಪು. ಅಷ್ಟಕ್ಕೇ ನನಗೆ ಅಳು ಕಿತ್ತುಕೊಂಡು ಬಂತು. ಸುಳ್ಳು ರೋಗಿಯಾಗಿ ದಿನಾ ಅಳುವ ಅಭ್ಯಾಸದ ಅಳುವಲ್ಲ, ಸಿಂಬಳ ಸುರಿಯುವ ಅಳು. ಹುಡುಗ ಗಾಬರಿಯಾಗಿ ಮೇಜಿನ ಮೇಲೆಲ್ಲ ಟಿಶ್ಯೂ ಹುಡುಕಿದ. ಸಿಗಲಿಲ್ಲ. ಜೇಬಿನಿಂದ ಮುದುರಿದ ಕರ್ಚೀಫು ತೆಗೆದು, "ಒಗೆದಿದ್ದೇ ರೀ," ಎನ್ನುತ್ತಾ ನನ್ನ ಕೈಗೆ ತುರುಕಿದ.

ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.