ಅಮ್ಮನಿಗೆ ಕೊಡುವ ಬಾಡಿಗೆ

"ಹೆತ್ತಮ್ಮನಿಗೇ ಬಾಡಿಗೆ ಕೊಡ್ತೀರಾ? ಮೇಡಂ, ಈ ಥರ ಕಥೆ ಬೇಜಾನ್ ಕೇಳಿದ್ದೀನಿ!"

ಸುಮೇಧ ನಕ್ಕುಬಿಟ್ಟ. ಸುತ್ತ ಕೂತಿದ್ದವರೂ ನಕ್ಕರು.

ಶರ್ವಾಣಿಯ ಮುಖ ಕೆಂಪಾಯಿತು. ಜಯನಗರದ ಆ ಲ್ಯಾಬಿನಲ್ಲಿ ಅವಳು ರಕ್ತಪರೀಕ್ಷೆ ವಿಭಾಗದ ಮುಖ್ಯಸ್ಥೆ. ಅಕೌಂಟ್ಸ್‌ಗೆ ಹೊಸದಾಗಿ ಬಂದ ಈ ಮನುಷ್ಯನ ಮುಖ ಇವತ್ತೇ ಮೊದಲು ನೋಡಿದ್ದು. ಜನವರಿ ಸಂಬಳದಲ್ಲಿ ಟ್ಯಾಕ್ಸ್ ಯದ್ವಾತದ್ವಾ ಹಿಡಿದಿದ್ದೀರಲ್ಲ, ಯಾಕೆ ಎಂದು ಕೇಳಲು ಬಂದರೆ ಇಂಥ ಉತ್ತರ! ಅವಳ ಬಾಡಿಗೆ ರಸೀದಿಗಳೆಲ್ಲ ಸುಳ್ಳು ಎಂದು ತಾನೇ ತೀರ್ಮಾನಿಸಿ, ವಿನಾಯಿತಿ ಕೊಡದೆ ಪೂರ್ತಿ ತೆರಿಗೆ ಮುರಿದುಕೊಂಡಿದ್ದ.

"ನಾನು ಸುಳ್ಳು ಲೆಕ್ಕ ಕೊಟ್ಟೆ ಅಂತೀರಾ?"

"ಎಲ್ರೂ ಮಾಡೋದೇ ಬಿಡಿ ಮೇಡಂ..."

"ದುಡ್ಡನ್ನ ರಿಟರ್ನ್ಸ್ ಫೈಲ್ ಮಾಡಿ ವಾಪಸ್ ತಗೋತೀನಿ ಸಾರ್. ಮರ್ಯಾದೆನ ಎಲ್ಲಿಂದ ವಾಪಸ್ ತರ್ಲಿ? ಭಾನುವಾರ ತ್ಯಾಗರಾಜನಗರಕ್ಕೆ ಬನ್ನಿ, ಮನೆ ಓನರನ್ನೇ ಕೇಳಿ. ಸುಳ್ಳಾದ್ರೆ ಕೆಲಸ ಬಿಡ್ತೀನಿ. ನಿಜ ಆದ್ರೆ, ಇಷ್ಟೂ ಜನರ ಮುಂದೆ ನೀವು ತಪ್ಪು ಒಪ್ಕೋಬೇಕು!"

ಅಬ್ಬಾ, ಎಂಥ ಗಟ್ಟಿಗಿತ್ತಿ! ಸುಮೇಧನ ನಗು ಅಲ್ಲಿಗೇ ನಿಂತಿತು. ಅವಳು ಮಾತ್ರ ವಾಶ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಒಂದು ನಿಮಿಷ ಅತ್ತಳು.

ಭಾನುವಾರ ಅವನು ಬಂದೇಬಿಟ್ಟ. ಗೇಟು ತೆಗೆಯುವ ಮೊದಲೇ ಒಳಗಿನಿಂದ ಜೋರು ದನಿ.

"ಮೇಲಿನ ಮನೆಯೋರೇ! ಟ್ಯಾಂಕ್ ತುಂಬಿ ಹರೀತಿದೆ, ಮೋಟಾರ್ ಆಫ್ ಮಾಡ್ರೀ!"

"ಬಂದೆ ಅಮ್ಮಾ..." ಎನ್ನುತ್ತಾ ಶರ್ವಾಣಿ ಮಹಡಿಯಿಂದ ಓಡಿ ಬಂದಳು. ಸುಮೇಧ ಕಕ್ಕಾಬಿಕ್ಕಿಯಾದ.

"ಮಗಳ ಹತ್ರ ನಿಜವಾಗ್ಲೂ ಬಾಡಿಗೆ ತಗೋತೀರಾ ಅಮ್ಮ?"

"ಯಾಕಪ್ಪ, ತಗೋಬಾರ್ದಾ?" ನಾಗಲಕ್ಷ್ಮಮ್ಮ ಕಾಫಿ ಕೈಗಿಟ್ಟರು. "ಇವಳಪ್ಪ ತೀರಿಹೋದಾಗ ನನ್ನ ಅಣ್ಣಂದಿರು ಅವರ ಮನೇಲಿ ಒಂದು ರೂಮ್ ಕೊಡ್ತೀವಿ ಅಂದ್ರು. ಬೇಡ ಅಂದೆ. ಬ್ಲೌಸ್ ಹೊಲಿದು ಹೊಲಿದು ಈ ಮನೆ ಕಟ್ಟಿದೆ. ಈಗ ಕಣ್ಣು ಮಂಜು, ಹೊಲಿಯೋಕಾಗಲ್ಲ. ಹಂಗಂತ ಮಗಳ ಮುಂದೆ ಕೈ ಚಾಚ್ಲಾ? ನನ್ನ ಮನೆ, ನನ್ನ ಬಾಡಿಗೆ. ಅದಕ್ಕೂ ರಿಟರ್ನ್ಸ್ ಫೈಲ್ ಮಾಡಿಸ್ತೀನಿ, ತಿಳ್ಕೋ!"

ಶರ್ವಾಣಿ ಅಮ್ಮನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಹೆಮ್ಮೆ ತುಂಬಿತ್ತು. 'ಥೂ, ಎಂಥ ಮಾತಾಡಿಬಿಟ್ಟೆ!' ಎಂದು ಸುಮೇಧ ತನ್ನನ್ನೇ ಬೈದುಕೊಂಡ.

ಸೋಮವಾರ ಅವನೇ ಎಲ್ಲರನ್ನೂ ಕರೆದ.

"ತಪ್ಪು ನಂದು. ಶರ್ವಾಣಿ ಮೇಡಂ ಕೊಟ್ಟಿದ್ದೆಲ್ಲ ನಿಜ. ಜಾಸ್ತಿ ಹಿಡಿದ ಟ್ಯಾಕ್ಸನ್ನ ಮಾರ್ಚ್ ಒಳಗೆ ಸರಿ ಮಾಡ್ತೀನಿ. ಆದ್ರೆ ಅವತ್ತು ನಕ್ಕೆನಲ್ಲ... ಕ್ಷಮಿಸಿ ಮೇಡಂ."

ಗೆದ್ದಳು ಶರ್ವಾಣಿ! ಆದರೂ ಎದೆಯೊಳಗೆ ಏನೋ ಕಸಿವಿಸಿ. 'ಇಷ್ಟು ಜನರೆದುರು ತಪ್ಪು ಒಪ್ಪೋ ಗಂಡಸು ಎಲ್ಲಿ ಸಿಗ್ತಾನೆ?'

ಆಮೇಲೆ ಸುಮೇಧ ಭಾನುವಾರ ತಪ್ಪಿಸಲಿಲ್ಲ. ನೆಪ, ಅಮ್ಮನ ರಿಟರ್ನ್ಸ್. ಯುಗಾದಿ ಕಳೆದ ಮೇಲೊಂದು ಸಂಜೆ, ಮಹಡಿ ಮೆಟ್ಟಿಲ ಮೇಲೆ ಬಾಯಿಬಿಟ್ಟ.

"ಶರ್ವಾಣಿ... ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದೀನಿ."

"ತಪ್ಪು ಮಾಡಿದ್ದಕ್ಕೆ ಪ್ರಾಯಶ್ಚಿತ್ತಾನಾ?"

"ಅಲ್ಲಾ ರೀ! ಎಲ್ರೂ ನಗ್ತಿದ್ದಾಗ ತಲೆ ತಗ್ಗಿಸದೆ ನಿಂತ್ರಲ್ಲ, ಅವತ್ತೇ ಬಿದ್ದುಹೋದೆ."

ಅವಳ ಎದೆ ಡವಡವ ಎಂದಿತು. ಆದರೂ ಬಿಗುಮಾನ ಬಿಡಬೇಕಲ್ಲ!

"ಅಮ್ಮನ್ನ ಬಿಟ್ಟು ಎಲ್ಲಿಗೂ ಬರಲ್ಲ."

"ನಾನೇ ಬರ್ತೀನಿ. ಇಲ್ಲೇ ಇರೋಣ."

"ಅಳಿಯ ಅಂತ ಅಮ್ಮ ಬಾಡಿಗೇಲಿ ಒಂದು ರೂಪಾಯೀನೂ ಬಿಡಲ್ಲ, ನೋಡಿ ಮತ್ತೆ!"

"ಬಿಡಲೂಬಾರ್ದು. ಅವರು ಯಾರ ಮುಂದೇನೂ ಕೈ ಚಾಚೋದು ಬೇಡ. ನಮ್ಮ ಮುಂದೇನೂ."

ಅಷ್ಟೇ. ಶರ್ವಾಣಿಗೆ ತಡೆಯಲಾಗಲಿಲ್ಲ, ಅವನ ಎದುರೇ ಅತ್ತುಬಿಟ್ಟಳು.

"ಅಯ್ಯೋ, ಅಳ್ಬೇಡ್ರೀ..."

"ಹಿಂಗೆ ಬಹುವಚನದಲ್ಲಿ ಹೇಳಿದ್ರೆ ನಿಲ್ಸಲ್ಲ."

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಅಳ್ಬೇಡ ಕಣೇ."